ಕೂಗಳತೆ

ಹಸಿಂತೊನ ಸೈಕಲ್ಲಿನ ಹಿಂದೆ ಒಂದು ಸಾಣೆಕಲ್ಲು,
ಜೇಬಿನಲ್ಲಿ ಒಂದು ಪೀಪಿ.
ತಗ್ಗಿನಿಂದ ಮೇಲಕ್ಕೆ, ಮೇಲಿನಿಂದ ತಗ್ಗಿಗೆ
ಒಂದೇ ಉಸಿರಲ್ಲಿ ಜಾರಿಸಿದನೆಂದರೆ
ಗ್ವಾದಲಹಾರದ ಯಾವ ಅಡುಗೆಮನೆಗೂ ಗೊತ್ತು
ಸಾಣೆಯವನು ಬಂದ.

ನಲವತ್ತೊಂದು ವರ್ಷ. ನಕ್ಷೆ ಕಂಡವನಲ್ಲ.
ಅವನಿಗಿದ್ದ ಅಳತೆ ಒಂದೇ, ಕೂಗಳತೆ:
ಪೀಪಿ ಕೇಳಿದವಳು ಒಲೆ ಸಣ್ಣ ಮಾಡಿ,
ಕೈ ಒರೆಸಿಕೊಂಡು, ಕತ್ತರಿ ಹುಡುಕಿ
ಹೊರಗೆ ಬರುವಷ್ಟರಲ್ಲಿ
ಅವನು ಬಾಗಿಲಲ್ಲಿರಬೇಕು.

ಹಳೇ ಪೇಟೆಯಲ್ಲಿ ಅದೇನು ಕಷ್ಟವಲ್ಲ.
ಚೌಕಾಬಾರದ ಮನೆಗಳಂಥ ಬೀದಿ,
ಯಾರೋ ಯಾವಾಗಲೋ ಹಗ್ಗ ಹಿಡಿದು ಎಳೆದದ್ದು.
ಈ ಬೀದಿಗೆ ಮೆರವಣಿಗೆ ಬಂದರೆ ಪಕ್ಕದ್ದು,
ಪಕ್ಕದ್ದರಲ್ಲಿ ಚರಂಡಿ ಅಗೆದಿದ್ದರೆ ಅದರಾಚೆಯದು,
ಸಾಲ ಕೊಟ್ಟವನು ಎದುರಾದರೂ
ಒಂದು ತಿರುವು ಸಿಕ್ಕೇ ಸಿಗುತ್ತಿತ್ತು.
ಮೂಲೆಯಲ್ಲಿ ನಿಂತು ಊದಿದರೆ
ನಾಕು ದಿಕ್ಕಿನಿಂದಲೂ ಚಾಕು.

ಆಮೇಲೆ ಊರು ಬೆಳೆಯಿತು.
ಬೆಳೆಯಿತು ಅನ್ನುವುದು ಮಿಕ್ಕವರು.
ಹಸಿಂತೊ ಹೇಳುವುದು: ಚೆಲ್ಲಿತು,
ಕಾಯಲು ಇಟ್ಟವಳು ಮರೆತ ಹಾಲಿನ ಹಾಗೆ,
ದಕ್ಷಿಣದ ಜೋಳದ ಹೊಲಗಳ ಮೇಲೆ.
ಹೊಲಕ್ಕೆ ಹೊಲಕ್ಕೆ ಕಾಲುದಾರಿ ಇತ್ತು,
ಕತ್ತೆಗಳಿಗೂ ಗೊತ್ತಿದ್ದ ದಾರಿ.
ಹೊಲ ಮಾರಿದವರು ದಾರಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ,
ಕೊಂಡವರು ಕೇಳಲಿಲ್ಲ.
ಒಂದೊಂದು ಹೊಲಕ್ಕೂ ಒಂದು ಕಾಂಪೌಂಡು, ಒಂದು ಗೇಟು,
ಒಳಗೆ ಬೀದಿಯೋ, ಬಾಟಲಿಯೋ:
ಹೊಕ್ಕ ಬಾಯಲ್ಲೇ ಹೊರಬರಬೇಕು.

ಹಣ್ಣು ಹೆಚ್ಚಿ ಮಾರುವ ಒತಿಲಿಯಾ
ಇಪ್ಪತ್ತು ವರ್ಷದ ಕಂತಿಗೆ ಕೊಂಡ ಮನೆ
ವಿಸ್ತಾ ಸೆರೆನಾದ ನೂರಾ ಹದಿನೆಂಟು.
ಹಿತ್ತಲ ಗೋಡೆಯಾಚೆ ಬಸ್ಸಿನ ರಸ್ತೆ.
ಬಸ್ಸು ನಿಂತ ಸದ್ದು ಕೇಳುತ್ತದೆ,
ಕಂಡಕ್ಟರ್ ಇಲ್ಲದ ಡ್ರೈವರ್ ಕೆಮ್ಮಿದ್ದೂ ಕೇಳುತ್ತದೆ,
ಹತ್ತಲು ಮಾತ್ರ ನಲವತ್ತು ನಿಮಿಷ ನಡೆಯಬೇಕು.

ಒಂದು ಮಂಗಳವಾರ ಆ ಗೋಡೆಯ ಮೇಲಿಂದ
ಪೀಪಿಯ ದನಿ ಹಾರಿಬಂತು. ದನಿಗೆ ಗೇಟಿಲ್ಲವಲ್ಲ.
'ನಿಲ್ಲು, ಮೂರು ಚಾಕು ಇದೆ!' ಕೂಗಿದಳು.
'ಬಂದೆ!' ಅಂದ, ಬಾಯಿ ತಪ್ಪಿ.

ಬರುವುದೆಂದರೆ: ಹೆದ್ದಾರಿಗೆ ಹೋಗಿ,
ಮೇಲ್ಸೇತುವೆಯ ಅಡಿಯಲ್ಲಿ ತಿರುಗಿ,
ಟಯರ್ ಅಂಗಡಿ, ಔಷಧಿ ಅಂಗಡಿ, ಮತ್ತೊಂದು ಟಯರ್ ಅಂಗಡಿ,
ಲಾರಿಗಳ ಗಾಳಿಗೆ ಸೈಕಲ್ಲು ವಾಲುತ್ತ
ಗೇಟಿನಲ್ಲಿ ಕಾವಲಿನ ನಬೋರ್:
'ಯಾರ ಮನೆಗೆ?'
'ನನ್ನ ಪೀಪಿ ಕೇಳಿದವರ ಮನೆಗೆ.'
'ಹಾಗಂತ ಬರೆದುಕೊಳ್ಳಲು ಕಾಲಂ ಇಲ್ಲ ತಾತ.'
ಅಷ್ಟರಲ್ಲಿ ಒತಿಲಿಯಾ ಮೊಂಡು ಚಾಕುವಿನಲ್ಲೇ
ಮಾವಿನಹಣ್ಣನ್ನು ಹೆಚ್ಚಲು ಹೋಗಿ ಹಿಚುಕಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ
ಗೋಡೆಯಲ್ಲಿ ನಾಕು ಇಟ್ಟಿಗೆಯಷ್ಟು ಕಂಡಿ.
ಯಾರು ಮಾಡಿದರೋ, ಎಲ್ಲರೂ ನುಸುಳಿದರು.
ಕಂಪನಿಯವರು ಮುಚ್ಚಿಸಿದರು.
ಮತ್ತೆ ಬಿತ್ತು, ಈ ಸಲ ಏಳು ಇಟ್ಟಿಗೆ.
ಮುಚ್ಚಿಸಿದರು.
ಮೂರನೆಯದು ಬಾಗಿಲೇ, ಸ್ವಲ್ಪ ತಲೆ ತಗ್ಗಿಸಬೇಕು.
ಪಾಳಿ ಮುಗಿದ ಮೇಲೆ ನಬೋರ್ ಕೂಡ
ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಅದರಲ್ಲೇ ಮನೆಗೆ.
ಮುಚ್ಚುವ ಗಾರೆಯವನ ಉಳಿಯನ್ನೂ,
ಇನ್ನೂ ಒಂದು ಉಳಿಯನ್ನೂ ಸಾಣೆ ಹಿಡಿದವನು ಹಸಿಂತೊ.
ಯಾತಕ್ಕೆಂದು ಗಿರಾಕಿಯನ್ನು ಕೇಳುವ ಚಾಳಿ ಅವನಿಗಿಲ್ಲ.

ಮೊನ್ನೆ ನಗರಸಭೆಯಿಂದ ಇಬ್ಬರು ಹುಡುಗಿಯರು ಬಂದಿದ್ದರು,
ದಾರಿ ಕೂಡುವಲ್ಲೆಲ್ಲ ನಕ್ಷೆಯಲ್ಲಿ ಒಂದು ಚುಕ್ಕಿ,
ಚುಕ್ಕಿಯ ಪಕ್ಕ ಅಂಕಿ.
ಹಳೇ ಪೇಟೆಗೆ ನಾಕು, ನಾಕು, ನಾಕು.
ಇಲ್ಲಿ ಒಂದು, ಒಂದು, ಮೂರು, ಒಂದು.
ಕಂಡಿಯ ಹತ್ತಿರ ಪೆನ್ನು ನಿಂತಿತು.
'ಇದು ರಸ್ತೆಯಲ್ಲ' ಅಂದಳು ಒಬ್ಬಳು.
'ಹೌದು' ಅಂದ ಇನ್ನೊಬ್ಬಳು ಪಕ್ಕಕ್ಕೆ ಸರಿದಳು:
ಒಬ್ಬ ಹುಡುಗ, ಅವನ ಸೈಕಲ್ಲು,
ಹಿಂದೆ ತಲೆ ತಗ್ಗಿಸುತ್ತ ಒತಿಲಿಯಾ.
ಮೂರು ಚಾಕು,
ಹಿಡಿ ಈಚೆ ಮಾಡಿ ಚಾಚಿದ್ದಳು.